ಯಾರದೂ ಅಲ್ಲದ ರೇಡಿಯೇಟರ್

ನನ್ನ ಗಂಡ ಹರ್ಕಜಿತ್ ಮತ್ತು ನನ್ನ ತಮ್ಮ ಮನಧೋಜ್ ಒಂದೇ ಗಾಡಿಯ ಒಡೆಯರು, ಒಂದೇ ಒಲೆಯ ಅನ್ನ ಉಣ್ಣುವವರು. ಆದರೆ ಒಬ್ಬನ ಮುಖ ಕಂಡರೆ ಇನ್ನೊಬ್ಬನಿಗೆ ಆಗುವುದಿಲ್ಲ. ಮಾತು ಬಿಟ್ಟು ಎಷ್ಟೋ ಕಾಲವಾಯಿತು. ಮಾತು ಬಿಟ್ಟಿದ್ದಾರೆಂದರೆ ಸುಮ್ಮನಿದ್ದಾರೆಂದು ತಿಳಿಯಬೇಡಿ. ಇವನು ಅವನಿಗೆ ಬೈಯಬೇಕಾದ್ದನ್ನು ನನಗೆ ಬೈಯುತ್ತಾನೆ, ಅವನು ಇವನಿಗೆ ಉಗಿಯಬೇಕಾದ್ದನ್ನು ನನಗೆ ಉಗಿಯುತ್ತಾನೆ. ನಡುವೆ ನಿಂತು ಎರಡೂ ಕಡೆಯ ಎಂಜಲು ಒರೆಸಿಕೊಳ್ಳುವುದು ನನ್ನ ಪಾಲಿಗೆ ಬಂದ ಕೆಲಸ.

ಗಾಡಿ ನನ್ನ ಅಪ್ಪನದು. ಚಹಾ ತೋಟದ ಬಿಳಿ ದೊರೆಗಳು ಬಿಟ್ಟುಹೋದ ಹಳೆಯ ಲ್ಯಾಂಡ್‌ರೋವರ್. ನಮ್ಮೂರು ಮಾನೆಭಂಜ್ಯಾಂಗಿನಿಂದ ಸಂದಕ್ಫು ಬೆಟ್ಟದ ತುದಿಗೆ ಹೋಗುವ ಕಲ್ಲುದಾರಿಯಲ್ಲಿ ಅಪ್ಪ ಜೀವನವಿಡೀ ಅದನ್ನೇ ಓಡಿಸಿದ. ಅದರ ಹುಟ್ಟು ಎಂಜಿನ್ ಅಪ್ಪನ ಕಾಲದಲ್ಲೇ ಸತ್ತಿತು. ಆಗ ಹೊಸ ಅಳಿಯನಾಗಿದ್ದ ನನ್ನ ಗಂಡ ಸಿಲಿಗುರಿಯ ಗುಜರಿಯಿಂದ ಒಂದು ಜೀಪಿನ ಡೀಸೆಲ್ ಎಂಜಿನ್ ತಂದು ಅದರ ಹೊಟ್ಟೆಗೆ ಕೂರಿಸಿದ. ಅಪ್ಪ ಸಾಯುವ ಮೊದಲು ನಮ್ಮನ್ನೆಲ್ಲ ಕರೆದು, "ಗಾಡಿ ಮಗಂದು, ಎಂಜಿನ್ ಅಳಿಯಂದು" ಎಂದು ಹೇಳಿ ಗೋಡೆಯ ಕಡೆ ತಿರುಗಿ ಮಲಗಿದ. ಹಾಗೆ ಹಂಚಿದರೆ ಒಬ್ಬರನ್ನೊಬ್ಬರು ಬಿಟ್ಟಿರಲಾರರು ಎಂದು ಅವನ ಲೆಕ್ಕ. ಅಪ್ಪ ಒಳ್ಳೆಯ ಡ್ರೈವರ್, ಬುದ್ಧಿ ಮಾತ್ರ ಅಷ್ಟಕ್ಕಷ್ಟೆ.

ನನ್ನ ಹೆಸರು ಅವನ ಬಾಯಿಗೆ ಬರಲಿಲ್ಲ. ಆ ದಾರಿಯ ಮೊದಲ ಊರು ಚಿತ್ರೆಯ ಆಚೆ, ಸ್ವಲ್ಪ ಸಮವಾಗಿರುವ ಕಡೆ ನನ್ನನ್ನು ಸ್ಟಿಯರಿಂಗಿನ ಮುಂದೆ ಕೂರಿಸಿ ಓಡಿಸಲು ಕಲಿಸಿದವನು ಅವನೇ. "ಜಸ್ಮತಿ, ನಿನ್ನ ತಮ್ಮನಿಗಿಂತ ನಿನ್ನ ಕಿವಿ ವಾಸಿ. ಎಂಜಿನ್ ಏನು ಹೇಳ್ತಿದೆ ಅಂತ ನಿಂಗೆ ಗೊತ್ತಾಗುತ್ತೆ" ಎಂದವನೂ ಅವನೇ. ಪಾಲು ಮಾಡುವಾಗ ಮಗಳ ಕಿವಿ ಯಾರ ಲೆಕ್ಕಕ್ಕೂ ಬರಲಿಲ್ಲ.

ಈ ವರ್ಷ ಗಾಡಿ ಕುದಿಯತೊಡಗಿತು. ಏರಿನ ಮಧ್ಯೆ ಮೂತಿಯಿಂದ ಹಬೆ ಬಿಟ್ಟು ನಿಲ್ಲುತ್ತಿತ್ತು. ಪ್ರಯಾಣಿಕರು ಬೈದುಕೊಂಡು ಬೇರೆ ಗಾಡಿ ಹತ್ತುತ್ತಿದ್ದರು. ಗಂಡ ಬಂದು "ನಿನ್ನ ತಮ್ಮನ ಡಬ್ಬಾ ಗಾಡಿ" ಎನ್ನುತ್ತಿದ್ದ. ತಮ್ಮ ಬಂದು "ನಿನ್ನ ಗಂಡನ ಗುಜರಿ ಎಂಜಿನ್" ಎನ್ನುತ್ತಿದ್ದ. ನಮ್ಮ ಅಂಗಳದಲ್ಲಿ ಗಾಡಿಯ ಮೂತಿಯ ಕೆಳಗೆ ಚಳಿಗಾಲದುದ್ದಕ್ಕೂ ಒಂದು ಒದ್ದೆ ಕಲೆ ಇತ್ತು. ಇಬ್ಬರೂ ಅದನ್ನು ಕಂಡೂ ಕಾಣದ ಹಾಗೆ ದಾಟುತ್ತಿದ್ದರು.

ಕೊನೆಗೆ ಸರದಿಯಂತೆ ಬಾಡಿಗೆ ಓಡುವ ನಮ್ಮ ಸಾಲಿನ ಗಾಡಿಗಳ ಸಂಘದ ಹಿರಿಯ ಥುಪ್ತೆನ್ ಕಾಕಾ ಮಧ್ಯೆ ಬಂದ. ಈ ಕಾಕಾನ ದವಡೆಯಲ್ಲಿ ಸದಾ ಒಂದು ಚುರ್ಪಿ ತುಂಡು ಇರುತ್ತದೆ. ಚಮರಿಯ ಹಾಲಿನಿಂದ ಮಾಡಿ ಕಲ್ಲಿನಂತೆ ಒಣಗಿಸಿದ ಆ ಗಿಣ್ಣನ್ನು ಬೆಳಗ್ಗೆ ಬಾಯಿಗೆ ಹಾಕಿದರೆ ಮಧ್ಯಾಹ್ನದವರೆಗೆ ಕರಗುವುದಿಲ್ಲ. ತೀರ್ಪು ಕೊಡುವಾಗ ಮಾತ್ರ ಅದನ್ನು ತೆಗೆದು ಕೈಯಲ್ಲಿ ಹಿಡಿದುಕೊಳ್ಳುತ್ತಾನೆ. ಅಂದು ಹಿಡಿದುಕೊಂಡು ಹೇಳಿದ: "ಖಾಲಿ ಗಾಡಿ ಮೇಲಕ್ಕೆ ಹತ್ಸಿ. ನಾನೂ ಬರ್ತೀನಿ. ತಪ್ಪು ಎಲ್ಲಿದೆ ಅಂತ ದಾರೀಲೇ ಹುಡುಕೋಣ. ಯಾರ ಭಾಗದಲ್ಲಿ ತಪ್ಪಿದ್ಯೋ ಅವನು ತನ್ನ ಪಾಲು ಇನ್ನೊಬ್ಬನಿಗೆ ಬಿಟ್ಟುಕೊಡ್ಬೇಕು. ಒಪ್ಪಿಗೆ ಇಲ್ದಿದ್ರೆ ಇವತ್ತೇ ಗಾಡಿ ಸಾಲಿಂದ ಆಚೆ."

ಇಬ್ಬರೂ ಒಪ್ಪಿದರು. ತಪ್ಪು ಇನ್ನೊಬ್ಬನ ಭಾಗದಲ್ಲೇ ಇದೆ ಎಂದು ಇಬ್ಬರಿಗೂ ಗಟ್ಟಿ ನಂಬಿಕೆ. ಹಳೆಯ ಗಾಡಿಗಳನ್ನು ಕೊಂಡು ಗಾಜಿನ ಕೋಣೆಯಲ್ಲಿ ನಿಲ್ಲಿಸಿಕೊಳ್ಳುವ ಕೋಲ್ಕತ್ತಾದ ಒಬ್ಬ ಬಾಬು ಹೋಟೆಲಿನಲ್ಲಿ ಬೀಡುಬಿಟ್ಟಿದ್ದ. ಗೆದ್ದರೆ ಗಾಡಿ ಮಾರುತ್ತೇನೆಂದು ಗಂಡ ಅವನನ್ನು ಗುಟ್ಟಾಗಿ ಕಂಡು ಬಂದಿದ್ದ. ತಮ್ಮನೂ ಗುಟ್ಟಾಗಿ ಕಂಡು ಬಂದಿದ್ದ. ಯಾರು ಗೆದ್ದರೂ ಅಪ್ಪನ ಗಾಡಿ ಬೆಟ್ಟ ಇಳಿದು ಹೋಗುವುದು ಖಂಡಿತವಾಗಿತ್ತು. ಬಾಬುವಿಗೆ ಚಹಾ ಕೊಡಲು ಹೋದಾಗ ಹೋಟೆಲಿನ ಹುಡುಗಿ ಕೇಳಿಸಿಕೊಂಡು ಬಂದು ಹೇಳದಿದ್ದರೆ ನನಗೆ ತಿಳಿಯುತ್ತಲೂ ಇರಲಿಲ್ಲ. ಅನ್ನ ಬಡಿಸುವಾಗ ಇಬ್ಬರ ತಟ್ಟೆಯನ್ನೂ ಕುಕ್ಕಿದೆ. ಇಬ್ಬರೂ ಅದು ಇನ್ನೊಬ್ಬನ ಮೇಲಿನ ಸಿಟ್ಟು ಎಂದುಕೊಂಡು ಸಮಾಧಾನದಿಂದ ಉಂಡರು.

"ನೀನೂ ಬಾ ನಾನಿ" ಎಂದ ಕಾಕಾ ನನಗೆ. ನನಗೆ ತಲೆ ನರೆಯುತ್ತ ಬಂದರೂ ಅವನಿಗೆ ನಾನಿನ್ನೂ ಪುಟ್ಟ ಹುಡುಗಿಯೇ. "ನೀನಿಲ್ದೆ ಈ ಎರಡು ಹೋರಿ ಮಾತಾಡಲ್ಲ."

ಹೊರಡುವ ದಿನ ಬೆಳಗ್ಗೆ ಬುತ್ತಿಗೆಂದು ಜವೆಗೋಧಿಯ ಹುರಿಹಿಟ್ಟಿನ ಡಬ್ಬಿ ತೆರೆದೆ. ಹಿಂದಿನ ದಿನವಷ್ಟೇ ಹೊಸದಾಗಿ ಹುರಿದು, ನಾಲಿಗೆ ಜುಮ್ಮೆನ್ನುವ ತಿಮುರ್ ಕಾಳು ಬೆರೆಸಿ, ಬೀಸಿ ತುಂಬಿಟ್ಟಿದ್ದೆ. ನಮ್ಮ ಕೇರಿಯಲ್ಲಿ ಹಿಟ್ಟಿಗೆ ತಿಮುರ್ ಹಾಕುವವಳು ನಾನೊಬ್ಬಳೇ. ಡಬ್ಬಿ ಅರ್ಧಕ್ಕೆ ಇಳಿದಿತ್ತು. ಇಬ್ಬರಲ್ಲಿ ಯಾರೋ ಹೊತ್ತಲ್ಲದ ಹೊತ್ತಿನಲ್ಲಿ ಮುಕ್ಕಿದ್ದಾರೆ ಎಂದು ಬೈದುಕೊಂಡು, ಉಳಿದದ್ದನ್ನು ಬಟ್ಟೆಯಲ್ಲಿ ಕಟ್ಟಿ, ಬೆನ್ನಿಗೆ ಹೊರುವ ಡೋಕೋ ಬುಟ್ಟಿಗೆ ಹಾಕಿದೆ.

ಗಂಡ ಸ್ಟಿಯರಿಂಗ್ ಹಿಡಿದ. ತಮ್ಮ ಎಡಗಡೆ ಕೂತ. ಗೇರಿನ ಕೋಲುಗಳನ್ನು ಮಂಡಿಗಳ ನಡುವೆ ಇಟ್ಟುಕೊಂಡು ಮಧ್ಯದಲ್ಲಿ ನಾನು. ಹಿಂದಿನ ಬೆಂಚಿನಲ್ಲಿ ಚುರ್ಪಿ ಮತ್ತು ಕಾಕಾ. ಇಬ್ಬರೂ ತಮ್ಮ ತಮ್ಮ ಸ್ಪ್ಯಾನರ್ ಪೆಟ್ಟಿಗೆಗೆ ಬೀಗ ಹಾಕಿ ಕಾಲಡಿ ಇಟ್ಟುಕೊಂಡಿದ್ದರು. ಗಾಡಿಯ ಮೈಯ ಬೋಲ್ಟುಗಳಿಗೆ ಇಂಚಿನ ಅಳತೆಯವು ಬೇಕು, ಅವು ತಮ್ಮನ ಹತ್ತಿರ. ಎಂಜಿನ್ನಿನ ಮಿಲಿಮೀಟರಿನವು ಗಂಡನ ಹತ್ತಿರ. ಸತ್ತರೂ ಒಬ್ಬನದು ಇನ್ನೊಬ್ಬ ಮುಟ್ಟುವುದಿಲ್ಲ.

ಊರು ದಾಟುವ ಮೊದಲೇ ಶುರುವಾಯಿತು.

"ಏ ಜಸ್ಮತಿ, ನಿನ್ನ ತಮ್ಮಂಗೆ ಹೇಳು, ಕಾಲು ಆ ಕಡೆ ಇಟ್ಕೊಳ್ಲಿ. ಗೇರ್ ಹಾಕಕ್ಕಾಗ್ತಿಲ್ಲ."

"ದಿದಿ, ನಿನ್ನ ಗಂಡಂಗೆ ಹೇಳು, ಕಾಲಿಡೋ ಜಾಗ ನಮ್ಮಪ್ಪನ ಗಾಡೀದು. ಗೇರ್ ಬೇಕಾದ್ರೆ ಕಿತ್ತು ಮಡಿಲಲ್ಲಿ ಇಟ್ಕೊಳ್ಲಿ."

"ಗೇರೂ ಎಂಜಿನ್ ಜೊತೇದೇ ಅಂತ ಹೇಳು."

"ಅದು ಹುಟ್ಟಿದಾಗಿಂದ ಗಾಡಿ ಜೊತೆ ಇದೆ ಅಂತ ಹೇಳು. ನಿನ್ನ ಗಂಡನ ಥರ ಆಮೇಲೆ ಬಂದು ಸೇರ್ಕೊಂಡಿದ್ದಲ್ಲ."

"ಇಬ್ರಿಗೂ ಕಿವಿ ಇದೆ. ನಾನ್ಯಾಕೆ ಹೇಳ್ಲಿ?" ಎಂದೆ. ಯಾರೂ ಕೇಳಿಸಿಕೊಳ್ಳಲಿಲ್ಲ.

ಚಿತ್ರೆಯ ಏರು ಮುಗಿಯುವಷ್ಟರಲ್ಲಿ ಬಿಸಿ ತೋರಿಸುವ ಮುಳ್ಳು ಕೆಂಪಿಗೆ ತಾಗಿತು. ಗಂಡ ನಿಲ್ಲಿಸಿದ. ತಮ್ಮ ಇಳಿದು ಚಕ್ರಕ್ಕೆ ಕಲ್ಲು ಕೊಟ್ಟ. ಚಕ್ರ ಅವನದಲ್ಲವೇ! ಬಾನೆಟ್ ಎತ್ತಿದವನೂ ಅವನೇ, ಅದೂ ಅವನದು. ಒಳಗೆ ಬಗ್ಗಿದ್ದು ಮಾತ್ರ ನನ್ನ ಗಂಡ.

"ಫ್ಯಾನ್ ಬೆಲ್ಟು ಸತ್ತ ಹಾವಿನ ಥರ ಜೋತು ಬಿದ್ದಿದೆ. ಎಂಜಿನ್ ಕಡೇದು. ಬರ್ಕೊಳ್ಳಿ ಕಾಕಾ" ಎಂದ ತಮ್ಮ.

ಕಾಕಾ ಹೆಬ್ಬೆರಳಿನಿಂದ ಬೆಲ್ಟನ್ನು ಒತ್ತಿ ನೋಡಿ ಇಲ್ಲವೆಂದು ತಲೆಯಾಡಿಸಿದ.

"ಮುಂದಿನ ಜಾಲರಿ ಬಗ್ಗಿ ಗಾಳೀನೇ ಒಳಗೆ ಹೋಗ್ತಿಲ್ಲ. ನಿನ್ನ ತಮ್ಮ ಕುಡಿದು ಹೋಗಿ ಗುದ್ದಿದ್ದು ಅಂತ ಕಾಕಾಗೆ ಹೇಳು" ಎಂದ ಗಂಡ.

ಕಾಕಾ ಎಂಜಿನ್ ಒಮ್ಮೆ ಶುರು ಮಾಡಿಸಿ, ಜಾಲರಿಯ ಮುಂದೆ ಅಂಗೈ ಹಿಡಿದು, ಫ್ಯಾನ್ ಎಳೆಯುವ ಗಾಳಿ ನೋಡಿ, ಮತ್ತೆ ತಲೆಯಾಡಿಸಿದ.

ಇವರು ಹೀಗೆ ಕಿತ್ತಾಡುತ್ತಿರುವಾಗ ನಾನು ಸುಮ್ಮನೆ ರೇಡಿಯೇಟರಿನ ಬುಡ ನೋಡಿದೆ. ಚಳಿಗಾಲದುದ್ದಕ್ಕೂ ತೊಟ್ಟಿಕ್ಕುತ್ತಿದ್ದ ಜಾಗ ಒಣಗಿ ಬೆಳ್ಳಗಾಗಿತ್ತು. ಸೋರಿಕೆ ತಾನಾಗಿ ನಿಲ್ಲುವುದನ್ನು ನಾನು ಇದುವರೆಗೆ ಕಂಡಿಲ್ಲ. ಆದರೆ ಈ ಇಬ್ಬರ ಮುಂದೆ ಬಾಯಿ ತೆರೆದರೆ ಅದನ್ನೂ ಹರಿದು ಹಂಚಿಕೊಳ್ಳುತ್ತಾರೆ ಎಂದು ಸುಮ್ಮನಾದೆ.

ಎಂಜಿನ್ ಆರಿದ ಮೇಲೆ ಗಂಡನೇ ಮುಚ್ಚಳ ತೆಗೆದು ನೀರು ತುಂಬಿದ, ಹೊರಟೆವು. ತುಮ್ಲಿಂಗಿನ ಗಾಳಿಗೆ ಮುಳ್ಳು ಸ್ವಲ್ಪ ಇಳಿಯಿತು, ಗೈರಿಬಾಸಿನ ಇಳಿಜಾರಿನಲ್ಲಿ ಇನ್ನಷ್ಟು ಇಳಿಯಿತು. ಗೈರಿಬಾಸಿನಲ್ಲಿ ಸರದಿ ಬದಲಾಗಿ ಸ್ಟಿಯರಿಂಗ್ ತಮ್ಮನ ಕೈಗೆ ಹೋಯಿತು. ಅಲ್ಲಿಂದ ದಾರಿ ಮತ್ತೆ ಗೋಡೆಯಂತೆ ಏಳುತ್ತದೆ. ನಾಲ್ಕು ತಿರುವು ಹತ್ತಿರಲಿಲ್ಲ, ಗಾಡಿಯೊಳಗೆ ಕೆಟ್ಟ ಬಿಸಿ ತುಂಬಿತು. ಎಂಜಿನ್ನಿನ ದನಿ ಒಣಗಿತು. ನೀರು ಸರಿಯಾಗಿ ತಿರುಗದ ಎಂಜಿನ್ ಗಂಟಲು ಒಣಗಿದವರಂತೆ ಕೂಗುತ್ತದೆ.

"ನಿಲ್ಸು" ಎಂದೆ.

"ಇನ್ನೊಂದು ತಿರುವು, ದಿದಿ."

"ನಿಲ್ಸೋ ಕತ್ತೆ! ಎಂಜಿನ್ ಹೆಡ್ಡು ಸೀಳುತ್ತೆ!"

ಒಂದು ಝರಿಯ ಪಕ್ಕದಲ್ಲಿ ನಿಂತಿತು. ಬಾನೆಟ್ಟಿನ ಸಂದಿಯಿಂದ ಹಬೆ ಎದ್ದಿತು. ನನ್ನ ಗಂಡನ ಮುಖದಲ್ಲಿ ನಗು. ತನ್ನ ಎಂಜಿನ್ ಸೀಳಿದರೂ ಸರಿ, ಅದು ಭಾವಮೈದುನನ ಕೈಯಲ್ಲಿ ಸೀಳಿದರೆ ಅವನಿಗೆ ಹಬ್ಬ.

"ಹೆಡ್ ಗ್ಯಾಸ್ಕೆಟ್ ಹೋಗಿದೆ, ಒಳಗೆ ನೀರು ಗುಳುಗುಳು ಅಂತಿದೆ, ಎಂಜಿನ್ನಿಂದೇ ತಪ್ಪು" ಎಂದು ತಮ್ಮ ಕೂಗಾಡಿದ. ಗಂಡ ಎಣ್ಣೆ ಕಡ್ಡಿ ಎಳೆದು ಕಾಕಾನ ಮೂಗಿಗೆ ಹಿಡಿದ. ಎಣ್ಣೆ ಕಪ್ಪಗಿತ್ತು, ನೀರು ಸೇರಿ ಬೆಳ್ಳಗಾಗಿರಲಿಲ್ಲ. "ಗ್ಯಾಸ್ಕೆಟ್ ಚೆನ್ನಾಗಿದೆ. ರೇಡಿಯೇಟರ್ ಹಾಳು. ರೇಡಿಯೇಟರನ್ನ ಬಿಗಿದಿರೋದು ಗಾಡಿ ಮೈಗೆ. ಅದು ಇವಳ ತಮ್ಮಂದು."

"ನಂದಾ? ಅದರಲ್ಲಿರೋ ನೀರು ಕುಡಿಯೋದು ಯಾರು? ಎಂಜಿನ್. ಎಂಜಿನ್ ಇಲ್ದಿದ್ರೆ ನನ್ನ ಗಾಡಿಗೆ ರೇಡಿಯೇಟರ್ ಯಾಕೆ? ಅದು ನಿನ್ನ ಗಂಡಂದು ದಿದಿ."

"ನಂದಲ್ಲ!"

"ನಂದೂ ಅಲ್ಲ!"

ಕಾಕಾ ದವಡೆಯಿಂದ ಚುರ್ಪಿ ತೆಗೆದು ಕೈಯಲ್ಲಿ ಹಿಡಿದುಕೊಂಡ. ಇಬ್ಬರೂ ನೆಟ್ಟಗೆ ನಿಂತರು.

"ಮಾತು ಬದಲಾಯಿಸ್ಬಾರ್ದು. ಹರ್ಕಾ, ರೇಡಿಯೇಟರ್ ನಿಂದಾ?"

"ಅಲ್ಲ ಕಾಕಾ. ಮಾವನ ಆಣೆ."

"ಮನಧೋಜ್?"

"ಅಪ್ಪನ ಆಣೆ, ನಂದಲ್ಲ."

"ಹಾಗಾದ್ರೆ ಯಾರದೂ ಅಲ್ಲ" ಎಂದು ಕಾಕಾ ಚುರ್ಪಿಯನ್ನು ಬಾಯಿಗೆ ಹಾಕಿಕೊಂಡ.

ಸತ್ತ ಅಪ್ಪನನ್ನು ಒಂದು ತಗಡಿನ ಪೆಟ್ಟಿಗೆಗಾಗಿ ಎಳೆದು ತಂದರಲ್ಲ ಎಂದು ನನಗೆ ಅಸಹ್ಯವಾಯಿತು. ಅವರಿಬ್ಬರನ್ನೂ ಪಕ್ಕಕ್ಕೆ ತಳ್ಳಿ ಬಗ್ಗಿದೆ. ರೇಡಿಯೇಟರಿನ ಮೇಲಿನ ರಬ್ಬರ್ ಕೊಳವೆ ಮುಟ್ಟಿದೆ, ಬೆರಳು ಸುಟ್ಟಿತು. ಕೆಳಗಿನ ಕೊಳವೆ ಮುಟ್ಟಿದೆ, ಝರಿಯ ಕಲ್ಲಿನಂತೆ ತಣ್ಣಗಿತ್ತು. ಮೇಲೆ ಬೆಂಕಿ, ಕೆಳಗೆ ಮಂಜು. ಎಂಜಿನ್ನಿನ ನೀರು ರೇಡಿಯೇಟರಿಗೆ ಬಂದು ಅಲ್ಲೇ ಸಿಕ್ಕಿಕೊಳ್ಳುತ್ತಿದೆ, ಕೆಳಗೆ ಇಳಿಯುತ್ತಿಲ್ಲ. ಒಳಗೆ ಏನೋ ಕಟ್ಟಿದೆ.

ಕಾದು, ಆರಿದ ಮೇಲೆ ಗೋಣಿಚೀಲ ಸುತ್ತಿ ಮುಚ್ಚಳ ತಿರುಗಿಸಿದೆ. ಉಳಿದಿದ್ದ ಹಬೆ ಬುಸ್ಸೆಂದಿತು. ಅದರೊಂದಿಗೆ ಒಂದು ವಾಸನೆ ಬಂತು. ತುಕ್ಕಿನದಲ್ಲ, ಎಣ್ಣೆಯದಲ್ಲ. ಹುರಿದ ಜವೆಗೋಧಿಯದು, ತಿಮುರಿನದು. ನನ್ನ ಅಡುಗೆಮನೆಯ ವಾಸನೆ.

ನಮ್ಮ ದಾರಿಯ ಡ್ರೈವರುಗಳಿಗೆಲ್ಲ ಗೊತ್ತಿರುವ ಮದ್ದು ಇದು. ರೇಡಿಯೇಟರ್ ಸೋರಿದರೆ ಒಂದು ಹಿಡಿ ಹುರಿಹಿಟ್ಟು ಹಾಕುತ್ತಾರೆ. ಅದು ಊದಿಕೊಂಡು ತೂತಿಗೆ ಮೆತ್ತಿಕೊಳ್ಳುತ್ತದೆ. ಊರು ಮುಟ್ಟಿದ ಕೂಡಲೇ ತೊಳೆದು ಬೆಸುಗೆ ಹಾಕಿಸಬೇಕು. ಅಪ್ಪ ಹಾಕುವಾಗ ನನ್ನ ಕೈಯನ್ನು ಹಿಡಿದು ಡಬ್ಬಿಯಲ್ಲಿ ಮುಳುಗಿಸಿ, "ನಿನ್ನ ಹಿಡಿಯಷ್ಟು. ಹೆಚ್ಚಾದ್ರೆ ಗಂಜಿ" ಎನ್ನುತ್ತಿದ್ದ.

ನಾನು ತಲೆ ಎತ್ತದೆ ಹೇಳಿದೆ: "ಕಾಕಾ, ಯಾರೋ ನನ್ನ ಡಬ್ಬಿಯಿಂದ ಹಿಟ್ಟು ಕದ್ದು ಇದರೊಳಗೆ ತುರುಕಿದ್ದಾರೆ. ಒಂದು ಹಿಡಿಗೆ ಹೀಗೆ ಕಟ್ಟಲ್ಲ. ಬೇಕಂತ್ಲೇ ಎರಡು ಹಿಡಿ ಹಾಕಿದ್ದಾರೆ, ಗಾಡಿ ಕೆಡಿಸೋಕೆ. ಹಾಕಿದೋನ ಪಾಲು ಪೂರ್ತಿ ಹೋಗ್ಬೇಕು."

"ಒಂದೇ ಹಿಡಿ ಹಾಕಿದ್ದು!" ಎಂದರು ಇಬ್ಬರೂ, ಒಟ್ಟಿಗೆ.

ಕಾಕಾನ ದವಡೆ ಆಡುವುದನ್ನು ನಿಲ್ಲಿಸಿತು.

ಆಮೇಲೆ ಇಬ್ಬರೂ ನನ್ನ ಮೇಲೆ ಬಿದ್ದರು. ಸೋರುವುದನ್ನು ಕಾಕಾ ನೋಡಿದರೆ ಎಲ್ಲಿ ತನ್ನ ತಲೆಗೆ ಕಟ್ಟುತ್ತಾನೋ ಎಂದು ಗಂಡ ಹಿಂದಿನ ಸಂಜೆ ಒಂದು ಹಿಡಿ ಹಾಕಿದ್ದನಂತೆ. ಅದೇ ಹೆದರಿಕೆಯಿಂದ ತಮ್ಮ ಬೆಳಗ್ಗೆ ಎದ್ದು ಇನ್ನೊಂದು ಹಿಡಿ ಹಾಕಿದ್ದನಂತೆ. ಅವರ ಹಿಡಿ ಎಂದರೆ ನನ್ನದರ ಎರಡರಷ್ಟು. "ನಿನ್ನ ತಮ್ಮ ಕಳ್ಳ ಅಂತ ಹೇಳು" ಎಂದು ಇವನು, "ನಿನ್ನ ಗಂಡ ಕಳ್ಳ ಅಂತ ಹೇಳು" ಎಂದು ಅವನು.

"ಪೆಟ್ಟಿಗೆ ತೆಗೀರಿ" ಎಂದೆ.

"ಯಾವ ಪೆಟ್ಟಿಗೆ?"

"ಎರಡೂ. ರೇಡಿಯೇಟರ್ ಬಿಚ್ಬೇಕು. ತೆಗೀದಿದ್ರೆ ಇಲ್ಲೇ ಕೂತ್ಕೊಂಡು ರಾತ್ರಿ ಚಳಿಗೆ ಸಾಯಿರಿ, ನಾನು ನಡ್ಕೊಂಡು ಹೋಗ್ತೀನಿ."

ಬೀಗಗಳು ತೆರೆದವು. ಕೊಳವೆಯ ಪಟ್ಟಿಗಳನ್ನು ಗಂಡನ ಸ್ಪ್ಯಾನರಿನಿಂದ, ಮೈಯ ಬೋಲ್ಟುಗಳನ್ನು ತಮ್ಮನದರಿಂದ ನಾನೇ ಬಿಚ್ಚಿದೆ. ಇಬ್ಬರೂ ಒಂದೊಂದು ಸ್ಪ್ಯಾನರ್ ಕೊಡುವಾಗಲೂ ಮುಖ ಸಿಂಡರಿಸಿಕೊಂಡರು. ರೇಡಿಯೇಟರನ್ನು ಎತ್ತಿ ಝರಿಗೆ ಒಯ್ದು ತಲೆಕೆಳಗು ಮಾಡಿ ನೀರು ಹಾಯಿಸಿದೆ. ಬೂದು ಬಣ್ಣದ ಗಂಜಿ ಉಂಡೆಯುಂಡೆಯಾಗಿ ಇಳಿಯಿತು. ತಣ್ಣೀರಿಗೆ ಕೈ ಮರಗಟ್ಟಿ ಬೆರಳು ಮಡಿಸಲು ಆಗಲಿಲ್ಲ. ಯಾರೂ ಕೈ ಹಾಕಲಿಲ್ಲ. ಒಬ್ಬ ಹಾಕಿದರೆ ಅದು ಅವನದೆಂದು ಒಪ್ಪಿಕೊಂಡಂತಾಗುತ್ತದಲ್ಲ! ನೀರು ತಿಳಿಯಾಗಿ ಹೊರಬರುವವರೆಗೂ ನಾನೊಬ್ಬಳೇ ತೊಳೆದೆ.

"ಸರಿ, ತಂದು ಕೂರ್ಸು" ಎಂದ ಗಂಡ.

ನಾನು ಡೋಕೋ ಬುಟ್ಟಿಯನ್ನು ಖಾಲಿ ಮಾಡಿ ರೇಡಿಯೇಟರನ್ನು ಅದರಲ್ಲಿಟ್ಟೆ. ಬುಟ್ಟಿಯ ಪಟ್ಟಿಯನ್ನು ಹಣೆಗೆ ಹಾಕಿಕೊಂಡು ಎದ್ದು ನಿಂತೆ. ಸೌದೆ ಹೊತ್ತವಳಿಗೆ ಅದೊಂದು ಭಾರವಲ್ಲ.

"ಎಲ್ಲಿಗೆ?"

"ಮನೆಗೆ. ಎಂಜಿನ್ ನೀನಿಟ್ಕೋ. ತಗಡು ನೀನಿಟ್ಕೋ. ಇಬ್ರೂ ಹೋಗಿ ಕೋಲ್ಕತ್ತಾ ಬಾಬೂಗೆ ಮಾರ್ಕೊಳ್ಳಿ. ಇದು ನಂದು."

ಬಾಬುವಿನ ಹೆಸರು ಕೇಳಿ ಇಬ್ಬರ ಮುಖವೂ ಇಳಿಯಿತು. ಒಬ್ಬನ ಗುಟ್ಟು ಇನ್ನೊಬ್ಬನಿಗೆ ತಿಳಿದದ್ದು ಆಗಲೇ.

"ಅಪ್ಪ ನಿಂಗೇನೂ ಕೊಟ್ಟಿಲ್ಲ ದಿದಿ" ಎಂದ ತಮ್ಮ.

"ಕೊಟ್ಟಿಲ್ಲ. ಅದು ನನ್ನ ಎದೇಲಿ ಉರೀತಾನೇ ಇದೆ. ಇದನ್ನ ಕೊಟ್ಟಿದ್ದು ನೀವು. ಈಗ ತಾನೇ, ಕಾಕಾ ಎದುರಿಗೆ, ಅಪ್ಪನ ಆಣೆ ಇಟ್ಟು ಬೇಡ ಅಂದ್ರಿ. ಬೇಡ ಅಂದಿದ್ದನ್ನ ತೊಳೆದೋಳು ನಾನು, ಹೊತ್ತೋಳು ನಾನು."

ತಮ್ಮ ಜಾಣ. ತಟ್ಟನೆ ತಿರುಗಿಸಿದ: "ಹಾಗಾದ್ರೆ ಕಾಕಾ, ತಪ್ಪು ಇರೋದು ರೇಡಿಯೇಟರಲ್ಲಿ. ರೇಡಿಯೇಟರ್ ದಿದೀದು. ನಿಮ್ಮ ಮಾತಿನ ಪ್ರಕಾರ ಪಾಲು ಬಿಡ್ಬೇಕಾದೋಳು ಅವಳೇ."

"ಹೌದು, ಅವಳೇ" ಎಂದ ನನ್ನ ಗಂಡ. ಇಷ್ಟು ಕಾಲದಲ್ಲಿ ಅವರಿಬ್ಬರೂ ಒಂದು ಮಾತಿಗೆ ಒಪ್ಪಿದ್ದು ಅಂದೇ. ಅದೂ ನನ್ನ ವಿರುದ್ಧ. ಆ ಕ್ಷಣದಲ್ಲಿ ಇಬ್ಬರನ್ನೂ ಕಣಿವೆಗೆ ತಳ್ಳಬೇಕೆನಿಸಿತು, ಸುಳ್ಳು ಹೇಳುವುದಿಲ್ಲ.

ಕಾಕಾ ಚುರ್ಪಿ ತೆಗೆದ. ಈ ಸಲ ಕೈಯಲ್ಲಿ ಹಿಡಿದುಕೊಳ್ಳಲಿಲ್ಲ, ಝರಿಗೆ ಎಸೆದ. ಚುರ್ಪಿ ಎಸೆದದ್ದನ್ನು ನಮ್ಮೂರಲ್ಲಿ ಯಾರೂ ಕಂಡಿಲ್ಲ.

"ಹಿಟ್ಟು ಬಿದ್ದಾಗ ಅದು ಇವಳದಲ್ಲ. ನಿಮ್ಮ ಆಣೆ ಪ್ರಕಾರ ಯಾರದೂ ಅಲ್ಲ. ಯಾರದೂ ಅಲ್ಲದ್ದಕ್ಕೆ ನೀವಿಬ್ರೂ ಕದ್ದು ಕೈ ಹಾಕಿದ್ರಿ. ತಪ್ಪು ನಿಮ್ಮ ಗಾಡೀಲೂ ಇಲ್ಲ, ಎಂಜಿನ್ನಲ್ಲೂ ಇಲ್ಲ, ನಿಮ್ಮ ಕೈಯಲ್ಲಿದೆ. ಮಾತಿನ ಪ್ರಕಾರ ಹೋದ್ರೆ ಇಬ್ರ ಪಾಲೂ ಹೋಯ್ತು." ನನ್ನ ಕಡೆ ತಿರುಗಿದ. "ಏನ್ ಮಾಡೋಣ ನಾನಿ?"

ಮಂಜು ಏರಿ ಬರುತ್ತಿತ್ತು. ಇಬ್ಬರೂ ನನ್ನ ಬಾಯಿ ನೋಡುತ್ತಿದ್ದರು. ನನ್ನದೇ ಮಾತಿಗಾಗಿ ಅವರು ನನ್ನ ಬಾಯಿ ನೋಡಿದ್ದು ಅದೇ ಮೊದಲು.

"ಪಾಲು ಇಟ್ಕೊಂಡು ಸಾಯ್ಲಿ. ಗಾಡಿ ಮಾರೋ ಹಾಗಿಲ್ಲ. ಓಡ್ಸೋಳು ನಾನು. ಇವರಿಬ್ರೂ ಮುಂದೆ ಕೂರೋ ಹಾಗಿಲ್ಲ."

"ನೀನು? ಈ ದಾರೀಲಿ?" ಎಂದು ಗಂಡ ನಕ್ಕ.

"ಇವಳಪ್ಪ ಕಲಿಸೋವಾಗ ನಾನು ಹಿಂದೆ ಕೂತಿದ್ದೆ" ಎಂದ ಕಾಕಾ. "ನಿನ್ನ ಹಾಗೆ ಕ್ಲಚ್ ಮೇಲೆ ಕಾಲಿಟ್ಕೊಂಡು ನಿದ್ದೆ ಮಾಡಲ್ಲ ಇವಳು."

ರೇಡಿಯೇಟರನ್ನು ಕೂರಿಸಿದೆ. ನೀರು ತುಂಬಿದೆ. ಬುಡದ ಹಳೆಯ ತೂತು ಮತ್ತೆ ತೊಟ್ಟಿಕ್ಕತೊಡಗಿತು. ಬುತ್ತಿಯ ಗಂಟು ಬಿಚ್ಚಿ, ನನ್ನ ಕೈಯಲ್ಲಿ ಒಂದು ಹಿಡಿ ಹಿಟ್ಟು ತೆಗೆದು ಬೆರಳ ಸಂದಿಯಿಂದ ಒಳಗೆ ಉದುರಿಸಿದೆ. ಎಂಜಿನ್ ಶುರು ಮಾಡಿ ಕಾದೆ. ತೊಟ್ಟು ನಿಧಾನವಾಯಿತು, ನಿಂತಿತು. ಕೆಳಗಿನ ಕೊಳವೆ ಮುಟ್ಟಿದೆ. ಬೆಚ್ಚಗಿತ್ತು.

ಕಾಕಾ ಮುಂದೆ ನನ್ನ ಪಕ್ಕ ಕೂತ. ಹಿಂದಿನ ಎರಡು ಬೆಂಚುಗಳು ಎದುರುಬದುರು. ಒಂದರಲ್ಲಿ ಗಂಡ, ಇನ್ನೊಂದರಲ್ಲಿ ತಮ್ಮ, ಮಂಡಿಗೆ ಮಂಡಿ ತಾಗುವಷ್ಟು ಹತ್ತಿರ. ಒಬ್ಬರ ಮುಖ ಒಬ್ಬರು ನೋಡದೆ ವಿಧಿಯಿಲ್ಲ. ತಗ್ಗು ಗೇರಿಗೆ ಹಾಕಿ ಕಲ್ಲುಗಳ ಮೇಲೆ ಹತ್ತಿಸಿದೆ. ಮುಳ್ಳು ಮಧ್ಯದಲ್ಲಿ ನಿಂತಿತು.

ಕಾಳಿಪೋಖ್ರಿಯ ಕೆಳಗೆ ಒಂದು ದೊಡ್ಡ ಕಲ್ಲು ಬಂತು. ಗಾಡಿ ಎಗರಿತು. ಹಿಂದೆ ಧಡ್ ಎಂದು ಸದ್ದಾಯಿತು.

"ಕಾಲು ತೆಗಿಯೋ, ಹಂದಿ!" ಎಂದ ನನ್ನ ಗಂಡ.

"ನೀನು ತೆಗಿಯೋ, ಮುದಿ ಕರಡಿ!" ಎಂದ ನನ್ನ ತಮ್ಮ.

ಬೈಗಳು ನೇರವಾಗಿ ಹೋಯಿತು, ನೇರವಾಗಿ ಬಂತು. ನನ್ನನ್ನು ಯಾರೂ ಹೇಳು ಎನ್ನಲಿಲ್ಲ. ಆಮೇಲೆ ಸಂದಕ್ಫುವಿನವರೆಗೂ ಇಬ್ಬರೂ ಬಾಯಿಗೆ ಬಂದಂತೆ ಬೈದಾಡಿದರು. ನಾನು ಎಂಜಿನ್ನಿನ ದನಿಯನ್ನಷ್ಟೇ ಕೇಳುತ್ತ ಹತ್ತಿಸಿದೆ.

ಊರಿಗೆ ಮರಳಿದ ಮೇಲೆ ರೇಡಿಯೇಟರ್ ತೊಳೆಸಿ ತೂತಿಗೆ ಬೆಸುಗೆ ಹಾಕಿಸಿದೆ. ಬಾಬು ಬರಿಗೈಯಲ್ಲಿ ಇಳಿದುಹೋದ. ಈಗ ಸಂಜೆ ಗಾಡಿ ಆರಿದ ಮೇಲೆ ರೇಡಿಯೇಟರಿನ ಮುಚ್ಚಳ ಬಿಚ್ಚಿ ತಂದು ಹುರಿಹಿಟ್ಟಿನ ಡಬ್ಬಿಯಲ್ಲಿ ಹಾಕಿಡುತ್ತೇನೆ. ಅದಿಲ್ಲದೆ ಗಾಡಿ ಏರು ಹತ್ತುವುದಿಲ್ಲ. ಡಬ್ಬಿಗೆ ಬೀಗ ಹಾಕಿದ್ದೇನೆ. ಬೀಗದ ಕೈ ನನ್ನ ಸೊಂಟದಲ್ಲಿದೆ.